ಓದಲು ತೊಡಕುವ ಹುಡುಗಿಯು ಮಂದಮತಿಯಲ್ಲ

ಈ ಸ್ಮರಣ ಸಂಚಿಕೆಯಲ್ಲಿ ಹೊಗಳಿಕೆಯ ಮಾತುಗಳು ಬೇಕಾದಷ್ಟಿರುವುವು. ನಾನಾದರೋ ನನ್ನದೊಂದು ತಪ್ಪನ್ನು ಒಪ್ಪಿಕೊಂಡು, ಅದರಿಂದ ಕಲಿತುದನ್ನು ತಮ್ಮ ಮುಂದಿಡಲಿಚ್ಛಿಸುತ್ತೇನೆ.

ನಾನು ಉಪಾಧ್ಯಾಯಿನಿಯ ಕೆಲಸಕ್ಕೆ ಹೊಸದಾಗಿ ಸೇರಿದ ವರ್ಷ ನನ್ನ ತರಗತಿಯಲ್ಲಿ ಒಬ್ಬ ಬಾಲಿಕೆಯಿದ್ದಳು. ಪದ್ಯವನ್ನು ಎರಡು ಸಲ ಕೇಳಿದರೆ ಸಾಕು, ತಪ್ಪಿಲ್ಲದೆ ಒಪ್ಪಿಸುವಳು; ಬಾಯಿಲೆಕ್ಕದಲ್ಲಿ ಎಲ್ಲರಿಗೂ ಮುಂದು. ಆದರೆ ಪುಸ್ತಕವನ್ನು ಕೈಗೆ ಕೊಟ್ಟರೆ ಒತ್ತಕ್ಷರ ಬಂದಲ್ಲೆಲ್ಲಾ ನಿಂತುಬಿಡುವಳು. ಅದನ್ನು ಸೋಮಾರಿತನವೆಂದೆಣಿಸಿ, ತಪ್ಪಿದ ಪದವನ್ನು ಐವತ್ತು ಸಾರಿ ಬರೆಯಿಸಿದೆನು; ಬೆಂಚಿನ ಮೇಲೆ ನಿಲ್ಲಿಸಿದೆನು. ವರ್ಷ ಮುಗಿಯುವ ಮೊದಲೇ ತಂದೆಯವರು ಆಕೆಯನ್ನು ಶಾಲೆ ಬಿಡಿಸಿದರು. ನಾನು ತಡೆಯಲಿಲ್ಲ.

ಇಂತಹ ಮಕ್ಕಳ ವಿಷಯವು ಹೊಸತಲ್ಲ. 1896ರಲ್ಲಿಯೇ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು, ಬುದ್ಧಿವಂತನಾಗಿದ್ದೂ ಓದಲಾರದ 14 ವರ್ಷದ ಬಾಲಕನೊಬ್ಬನನ್ನು ಕುರಿತು ಬರೆದರು. ಪಾಠವೆಲ್ಲವೂ ಬಾಯಿಮಾತಿನಲ್ಲೇ ನಡೆದರೆ ಶಾಲೆಯಲ್ಲಿ ಅವನಷ್ಟು ಚುರುಕಾದವನಿಲ್ಲವೆಂದು ಅವನ ಗುರುಗಳ ಅಭಿಪ್ರಾಯವಾಗಿತ್ತು. ಈ ತೊಡಕಿಗೆ ಈಗ ಡಿಸ್ಲೆಕ್ಸಿಯಾ ಎಂದು ಹೆಸರು.

ಮಾತು ಮಗುವಿಗೆ ಕೇಳುತ್ತ ಕೇಳುತ್ತ ತಾನಾಗಿ ಬರುವುದು. ಬರಹವಾದರೋ ಸುಮಾರು 5,000 ವರ್ಷಗಳ ಈಚಿನದು. ಆದುದರಿಂದ ಓದುವುದಕ್ಕೆಂದೇ ಹುಟ್ಟುವಾಗ ಸಿದ್ಧವಾದ ಭಾಗವು ಮಿದುಳಿನಲ್ಲಿಲ್ಲ. ಕಂಡ ಅಕ್ಷರವನ್ನು ಕೇಳಿದ ಧ್ವನಿಯೊಡನೆ ಅಭ್ಯಾಸವೇ ಜೋಡಿಸಬೇಕು. ಈ ಜೋಡಣೆಯು ಮುಖ್ಯವಾಗಿ ಮಿದುಳಿನ ಎಡಗಡೆಯ ಹಿಂಬದಿಯಲ್ಲಿ ನಡೆಯುವುದು. ಓದುತ್ತಿರುವವರ ಮಿದುಳಿನ ಚಿತ್ರಗಳನ್ನು ಯಂತ್ರದಿಂದ ತೆಗೆದು ನೋಡಿದಾಗ, ಈ ತೊಡಕುಳ್ಳವರಲ್ಲಿ ಆ ಭಾಗಗಳು ಸಾಮಾನ್ಯವಾಗಿ ಇತರರಲ್ಲಿರುವಷ್ಟು ಚುರುಕಾಗಿ ಕೆಲಸಮಾಡುವುದಿಲ್ಲವೆಂದು ಕಂಡುಬಂದಿದೆ. ಅನೇಕವೇಳೆ ಇದು ವಂಶಾನುಗತವಾಗಿ ಬರುವುದು. ಇದು ಬುದ್ಧಿಯ ಕೊರತೆಯೂ ಅಲ್ಲ, ತಾಯಿಯ ಮುದ್ದಿನ ಫಲವೂ ಅಲ್ಲ. ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧವನ್ನು ಕ್ರಮವಾಗಿ ಕಲಿಸಿದ ಮೇಲೆ ಅದೇ ಭಾಗಗಳ ಕೆಲಸವು ಹೆಚ್ಚುವುದನ್ನೂ ಇಂತಹ ಚಿತ್ರಗಳೇ ತೋರಿಸಿವೆ. ಶಿಕ್ಷೆಯಿಂದ ಆಗದುದು ಶಿಕ್ಷಣದಿಂದ ಆಗುವುದು.

ಇದು ಗಂಡುಮಕ್ಕಳ ತೊಡಕೆಂದು ಬಹಳ ಕಾಲ ನಂಬಿದ್ದರು. ಅಮೇರಿಕೆಯಲ್ಲಿ 1990ರಲ್ಲಿ ಪ್ರಕಟವಾದ ಒಂದು ಪರಿಶೋಧನೆಯಲ್ಲಿ, ಶಾಲೆಗಳು ಗುರುತಿಸಿದವರಲ್ಲಿ ಹುಡುಗರೇ ಹೆಚ್ಚಾಗಿದ್ದರು. ಎಲ್ಲ ಮಕ್ಕಳನ್ನೂ ಪರೀಕ್ಷಿಸಿ ನೋಡಿದಾಗ ಹುಡುಗಿಯರೂ ಹೆಚ್ಚುಕಡಿಮೆ ಅಷ್ಟೇ ಇದ್ದರು. ಗಲಾಟೆ ಮಾಡದೆ ಕುಳಿತ ಹುಡುಗಿಯ ಕಷ್ಟವು ಯಾರ ಕಣ್ಣಿಗೂ ಬೀಳದು.

ಆದಕಾರಣ ಪೋಷಕರಲ್ಲಿ ನನ್ನ ಬಿನ್ನಹವಿಷ್ಟೆ: ಮದುವೆಗೆ ಅಡ್ಡಿಯಾದೀತೆಂದು ಮಗಳ ತೊಡಕನ್ನು ಮುಚ್ಚಿಡಬೇಡಿರಿ; ಓದು ಹತ್ತಲಿಲ್ಲವೆಂದು ಶಾಲೆ ಬಿಡಿಸಬೇಡಿರಿ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವೂ ಇಂತಹ ಮಕ್ಕಳನ್ನು ಗಣನೆಗೆ ತಂದಿದೆ. ಉಪಾಧ್ಯಾಯಿನಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೇ, ಒತ್ತಕ್ಷರವನ್ನು ಬಿಡಿಸಿ ನುಡಿಸಿರಿ, ಬಾಯಿಂದ ಬಂದ ಉತ್ತರಕ್ಕೂ ಬೆಲೆ ಕೊಡಿರಿ, ಹತ್ತು ಮಂದಿಯ ಮುಂದೆ ನಗೆಗೀಡುಮಾಡಬೇಡಿರಿ.

ಆ ಬಾಲಿಕೆಯು ಈಗ ಎಲ್ಲಿರುವಳೋ ಅರಿಯೆನು. ಆಕೆ ಇದನ್ನು ತಾನೇ ಓದಲಾರದಿದ್ದರೂ, ಬಲ್ಲವರಾರಾದರೂ ಓದಿ ಹೇಳಲಿ: ತಪ್ಪು ಅವಳದಾಗಿರಲಿಲ್ಲ, ನನ್ನದಾಗಿತ್ತು.