ಅಗಲವಾದ ಟಯರು: ಅಂದವೋ, ಅಪಾಯವೋ?

ಕಾವೂರಿನ ವಿದ್ಯಾರ್ಥಿಯೊಬ್ಬನು, ತನ್ನ ತಂದೆಯ ಹಳೆಯ ಪಿಕಪ್ ವಾಹನದ ಹಿಂದಿನ ಗಾಲಿಗಳಿಗೆ ಅಗಲವಾದ ಟಯರುಗಳನ್ನು ಹಾಕಿಸಿದರೆ ಹಿಡಿತವು ಹೆಚ್ಚುವುದೇ ಎಂದು ನನ್ನನ್ನು ಕೇಳಿದನು.

ಗಾಲಿಯೊಂದರ ಮೇಲೆ 400 ಕಿಲೋಗ್ರಾಂ ಭಾರವೂ ಟಯರಿನಲ್ಲಿ ಚದರ ಸೆಂಟಿಮೀಟರಿಗೆ 2 ಕಿಲೋಗ್ರಾಂ ಗಾಳಿಯೊತ್ತಡವೂ ಇದ್ದರೆ, ನೆಲವನ್ನು ಮುಟ್ಟುವ ಭಾಗವು ಸುಮಾರು 200 ಚದರ ಸೆಂಟಿಮೀಟರು. ಒತ್ತಡವು ಅಷ್ಟೇ ಇರುವಾಗ ಟಯರು ಅಗಲವಾದರೂ ಈ ವಿಸ್ತೀರ್ಣವು ಹೆಚ್ಚು ಬದಲಾಗದು. ಅದರ ಅಗಲವು ಹೆಚ್ಚಿ ಉದ್ದವು ಕುಗ್ಗುತ್ತದೆ. ಒಣರಸ್ತೆಯ ತಿರುವುಗಳಲ್ಲಿ ಇದರಿಂದ ತುಸು ಲಾಭವುಂಟು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ, ಅಗಲವಾದ ಟಯರು ಹೆಚ್ಚು ನೀರನ್ನು ಬದಿಗೊತ್ತಬೇಕು. ವೇಗವು ಮಿತಿಮೀರಿದಾಗ ಅದು ಸಾಧ್ಯವಾಗದೆ, ಟಯರು ನೀರಿನ ಪದರದ ಮೇಲೆ ತೇಲತೊಡಗುತ್ತದೆ. ಹೊರೆಯಿಲ್ಲದ ಪಿಕಪ್ಪಿನ ಹಿಂಭಾಗವು ಹಗುರವಾದುದರಿಂದ ಅದು ಜಾರುವುದೂ ಸುಲಭ.

ಆದುದರಿಂದ ತಯಾರಕರು ಸೂಚಿಸಿದ ಅಳತೆ, ಸವೆಯದ ಗೀರುಗಳು, ಸರಿಯಾದ ಗಾಳಿಯೊತ್ತಡ, ಇವುಗಳಿಗೇ ನನ್ನ ಮತ. ಮಳೆಯಲ್ಲಿ ಆ ವಾಹನವನ್ನು ನಡೆಸುವವರು ಅವನ ತಂದೆಯಲ್ಲವೇ?