ಮಿಲಿಟರಿ ನರ್ಸ್ ಆಗಬೇಕೆಂಬ ತಂಗಿಗೆ

ನಮ್ಮ ಕೇರಿಯಲ್ಲಿ ಅಂಬೇಡ್ಕರ್ ಜಯಂತಿ ಸಭೆ ಮುಗಿದು ಜಮಖಾನ ಸುತ್ತುತ್ತಿದ್ದೆವು. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಹಾಸ್ಟೆಲಿನಿಂದ ಊರಿಗೆ ಬಂದಿದ್ದ ಹುಡುಗಿಯೊಬ್ಬಳು ಹತ್ತಿರ ಬಂದು ಕೇಳಿದಳು: "ಅಣ್ಣಾ, ನಾನು ಮಿಲಿಟರಿ ನರ್ಸ್ ಆಗಬಹುದಾ?"

ನಾನು ಬಾಯಿ ತೆರೆಯುವ ಮೊದಲೇ ಅವಳ ತಾಯಿ ಅಂದರು: "ಕಂಡೋರ ಹೇಲು ಉಚ್ಚೆ ಬಾಚಿ ಬಾಚಿ ನಮ್ ಕೈ ಸವೆದೋಗದೆ. ನಿನ್ನ ಓದಿಸ್ತಿರೋದು ಮತ್ತೆ ಅದನ್ನೇ ಮಾಡ್ಲಿ ಅಂತಲಾ?" ನಮ್ಮ ಸಂಘಟನೆಯ ಹುಡುಗನೊಬ್ಬ ದನಿಗೂಡಿಸಿದ: "ಮಿಲಿಟರಿ ಅಂದ್ರೆ ಆಳೋರ ಕೈಯ ದೊಣ್ಣೆ. ಅಲ್ಲಿಗೆ ಹೋಗಿ ಚಾಕರಿ ಮಾಡೋಕೆ ನಾವ್ಯಾಕೆ ಬೇಕು?" ಹುಡುಗಿ ತಲೆ ತಗ್ಗಿಸಿ ನಿಂತಳು. ಅವತ್ತು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಹಾಸ್ಟೆಲುಗಳಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ಕೇಳಲಾರದೆ ಕೂತಿರುವ ಎಲ್ಲ ತಂಗಿಯರಿಗೂ ಇದು ಸೇರಿದ್ದು.

ಮೊದಲು ಆ ತಾಯಿಯ ಮಾತು. ಅದರಲ್ಲಿ ಸುಳ್ಳಿಲ್ಲ. ಹೆರಿಗೆ ಮನೆ ಮೈಲಿಗೆ, ಹೊಕ್ಕುಳಬಳ್ಳಿ ಕೊಯ್ಯೋದು ಮೈಲಿಗೆ, ಮಾಸು ಹೂಳೋದು ಮೈಲಿಗೆ ಅಂತ ಈ ದೇಶದ ಎಷ್ಟೋ ಊರುಗಳಲ್ಲಿ ಆ ಕೆಲಸವನ್ನು ನಮ್ಮ ಹೆಂಗಸರ ಕೈಗೇ ಬಿಟ್ಟಿದ್ದರು. ಕೂಸು ಹೊರಗೆ ಬರೋತನಕ ಸೂಲಗಿತ್ತಿ ತಾಯಿ ಇದ್ದಂಗೆ. ಬಂದ ಮೇಲೆ ಅವಳು ಮುಟ್ಟಿದ ಜಾಗಕ್ಕೆಲ್ಲ ಗಂಜಲ. ಕೂಲಿ ಅಂದರೆ ಮೊರದಲ್ಲಿ ಒಂದಷ್ಟು ಕಾಳು, ಒಂದು ಹಳೇ ಸೀರೆ. ಪಾವಗಡದ ಸೂಲಗಿತ್ತಿ ನರಸಮ್ಮನವರು ಸಾವಿರಾರು ಕೂಸುಗಳನ್ನು ಈ ಲೋಕಕ್ಕೆ ತಂದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಕೊನೆಗೆ ತೀರಿಕೊಂಡರು. ಅವರಂಥ ಎಷ್ಟೋ ಜನ ನಮ್ಮ ಅಜ್ಜಿಯರ ಹೆಸರು ಯಾವ ಕಾಗದದಲ್ಲೂ ಇಲ್ಲ.

ಆಸ್ಪತ್ರೆಯ ನರ್ಸಿಂಗ್ ಬಂದಾಗಲೂ ಕಥೆ ಬದಲಾಗಲಿಲ್ಲ. ರಕ್ತ, ಕೀವು, ಪರಗಂಡಸಿನ ಮೈ ಮುಟ್ಟಬೇಕಲ್ಲ ಅಂತ ಮೇಲ್ಜಾತಿಯ ಮನೆಗಳು ಹೆಣ್ಣುಮಕ್ಕಳನ್ನು ಕಳಿಸಲಿಲ್ಲ. ಹೆಚ್ಚಾಗಿ ಮುಂದೆ ಬಂದವರು ಕ್ರೈಸ್ತ ಹೆಣ್ಣುಮಕ್ಕಳು. ಅದಕ್ಕೂ ಮುಂಚೆ ಪುಣೆಯಲ್ಲಿ ಪ್ಲೇಗ್ ಬಂದಾಗ ರೋಗಿಗಳನ್ನು ಮುಟ್ಟಿ ಆರೈಕೆ ಮಾಡಿ, ಅದೇ ರೋಗ ತಗುಲಿ 1897ರಲ್ಲಿ ಪ್ರಾಣ ಬಿಟ್ಟವರು ಸಾವಿತ್ರಿಬಾಯಿ ಫುಲೆ. ಅವರನ್ನು ಬರೀ ಅಕ್ಷರದವ್ವ ಅಂತ ನೆನೆಯುತ್ತೇವೆ, ಆರೈಕೆಯ ಅವ್ವನೂ ಹೌದು ಅನ್ನೋದನ್ನು ಮರೆಯುತ್ತೇವೆ.

ಅವ್ವಾ, ಬಾಬಾಸಾಹೇಬರು 1927ರಲ್ಲಿ ಮಹಾಡಿನಲ್ಲಿ ಸತ್ತ ದನದ ಮಾಂಸ ಬಿಡಿ, ತಂಗಳು ಬೇಡೋದು ಬಿಡಿ ಅಂದರು. ಹುಟ್ಟಿದ ಜಾತಿಯ ಲೆಕ್ಕದಲ್ಲಿ ತಲೆಗೆ ಕಟ್ಟಿದ, ಬೇಡ ಅನ್ನೋ ಹಕ್ಕಿಲ್ಲದ ಬಿಟ್ಟಿ ಚಾಕರಿ ಅವರಿಗೆ ಅವಮಾನವಾಗಿ ಕಂಡಿತು. ನಿಮ್ಮ ಮಗಳು ನಾಲ್ಕು ವರ್ಷ ಶರೀರಶಾಸ್ತ್ರ, ಔಷಧಶಾಸ್ತ್ರ ಓದಿ, ಗಾಯಾಳುವಿನ ನಾಡಿ ನೋಡಿ, ತಿಂಗಳ ಸಂಬಳ ಎಣಿಸಿಕೊಂಡರೆ ಅದಕ್ಕೂ ಇದಕ್ಕೂ ಅಜಗಜಾಂತರ. ಮಲಗಿದ ರೋಗಿಗೆ ಬೆಡ್‌ಪ್ಯಾನ್ ಇಡೋದರಲ್ಲಿ ಹೊಲಸಿಲ್ಲ. ಅದನ್ನು ಒಂದೇ ಜಾತಿಯ ಹಣೆಗೆ ಬರೆದ ಬರಹ ಹೊಲಸು.

ಇನ್ನು ನಮ್ಮ ಹುಡುಗನ ಮಾತು. ತಮ್ಮಾ, ಸೈನ್ಯ ನಮಗೆ ಹೊಸದಲ್ಲ. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲರು ಸುಬೇದಾರರು, ಸೈನ್ಯದ ಶಾಲೆಯಲ್ಲಿ ಮೇಷ್ಟರೂ ಆಗಿದ್ದವರು. ಆ ಮನೆಗೆ ಅಕ್ಷರ ಬಂದ ದಾರಿಗಳಲ್ಲಿ ಸೈನ್ಯವೂ ಒಂದು. 1890ರ ದಶಕದಲ್ಲಿ ಬ್ರಿಟಿಷರು 'ಯೋಧ ಜಾತಿ' ಅನ್ನೋ ಲೆಕ್ಕ ತೆಗೆದು ಮಹಾರರಿಗೆ ಬಾಗಿಲು ಮುಚ್ಚಿದರು. ಮೊದಲನೇ ಮಹಾಯುದ್ಧದಲ್ಲಿ ಜನ ಬೇಕಾದಾಗ ತೆರೆದರು, ಯುದ್ಧ ಮುಗಿದ ಮೇಲೆ ಮತ್ತೆ ಮುಚ್ಚಿದರು. 1941ರಲ್ಲಿ ಮಹಾರ್ ರೆಜಿಮೆಂಟ್ ಕಟ್ಟಿದ್ದು ನಮ್ಮ ಬೆಳಗಾವಿಯಲ್ಲೇ. ಅವರಿಗೆ ಬೇಕಾದಾಗ ತೆಗೆದು ಬೇಡವಾದಾಗ ಹಾಕೋ ಬಾಗಿಲು ಇದು ಅಂತ ಗೊತ್ತಿದ್ದೂ ಬಾಬಾಸಾಹೇಬರು ಒಳಗೆ ಹೋಗೋ ಹಕ್ಕಿಗೆ ಹೋರಾಡಿದರು. ನೀನು ಆಳೋರನ್ನು ಟೀಕಿಸು, ಬೇಡ ಅನ್ನಲ್ಲ. ಆದರೆ ನಿನ್ನ ಟೀಕೆಗೆ ಕೇರಿಯ ಹುಡುಗಿಯ ಓದನ್ನು ಬಲಿಕೊಡಬೇಡ.

ಈಗ ತಂಗೀ, ವಿಷಯಕ್ಕೆ ಬರೋಣ. 1888ರಲ್ಲಿ ಹತ್ತು ಮಂದಿ ಇಂಗ್ಲಿಷ್ ನರ್ಸುಗಳು ಬೊಂಬಾಯಿಯಲ್ಲಿ ಇಳಿದಾಗ ಈ ಸೇವೆ ಶುರುವಾಯಿತು. 1926ರಲ್ಲಿ ಕಾಯಂ ಆಯಿತು. 1943ರ ಕಾನೂನಿನಿಂದ ಈ ನರ್ಸುಗಳು ಅಧಿಕಾರಿಗಳಾದರು. ಅಂದರೆ ಓದು ಮುಗಿಸಿ ಸೇರಿದವಳು ಲೆಫ್ಟಿನೆಂಟ್. ಮೇಜರ್ ಜನರಲ್ ತನಕ ಹೋಗುವ ದಾರಿ ಇದೆ. ಗಂಡುಹುಡುಗರು ಸೈನ್ಯದ ವೈದ್ಯಕೀಯ ದಳಕ್ಕೆ ನರ್ಸಿಂಗ್ ಅಸಿಸ್ಟೆಂಟ್ ಆಗಿ ಸೇರುವುದುಂಟು, ಆದರೆ ಅದು ಸಿಪಾಯಿ ದರ್ಜೆ. ಈ ವ್ಯತ್ಯಾಸ ತಿಳಿದಿರಲಿ.

ಈಚಿನ ವರ್ಷಗಳ ಪ್ರಕಟಣೆಗಳ ಪ್ರಕಾರ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆ ಇಡೀ ದೇಶಕ್ಕೆ 220 ಸೀಟು, ಆರು ಕಾಲೇಜು: ಪುಣೆ, ಕಲ್ಕತ್ತ, ಮುಂಬಯಿ, ದೆಹಲಿ, ಲಕ್ನೋ, ಮತ್ತು ನಮ್ಮ ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆ. ಬೆಂಗಳೂರಿನಲ್ಲಿ 40 ಸೀಟು. ಊಟ, ವಸತಿ ಉಚಿತ, ತಿಂಗಳಿಗೆ ಸ್ಟೈಪೆಂಡೂ ಉಂಟು. ಓದಿದ ಮೇಲೆ ಸೇವೆ ಮಾಡುತ್ತೇನೆಂದು ಬಾಂಡ್ ಬರೆದುಕೊಡಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಇರಲೇಬೇಕು. ಶೇಕಡ 50 ಬೇಕು, ಅದೂ ಮೊದಲ ಸಲಕ್ಕೇ ಪಾಸಾಗಿರಬೇಕು. ಎತ್ತರ 152 ಸೆಂಟಿಮೀಟರ್. 2022ರಿಂದ ನೀಟ್ ಅಂಕವೂ ಬೇಕು. ನೀಟನ್ನು ಕನ್ನಡದಲ್ಲಿ ಬರೆಯಬಹುದು, ಆದರೆ ಆಮೇಲೆ ಸೈನ್ಯದವರು ಮಾಡೋ ಪರೀಕ್ಷೆಯಲ್ಲಿ ಇಂಗ್ಲಿಷ್ ಇದೆ, ಸಂದರ್ಶನ ಇದೆ.

ಮದುವೆಯಾದವರು ಅರ್ಜಿ ಹಾಕುವಂತಿಲ್ಲ. ಪಿಯುಸಿ ಮುಗಿಯೋದರೊಳಗೆ ಗಂಡು ಗೊತ್ತು ಮಾಡೋ ಅಪ್ಪಂದಿರು ಈ ಸಾಲನ್ನು ಎರಡು ಸಲ ಓದಬೇಕು.

ನಕ್ಷತ್ರ ಹೆಗಲಿಗೆ ಬಿದ್ದ ಕೂಡಲೆ ಎಲ್ಲ ಸರಿಹೋಗುತ್ತೆ ಅಂತ ನಾನು ಸುಳ್ಳು ಹೇಳಲಾರೆ. ಮದುವೆಯಾದಳು ಅನ್ನೋ ಒಂದೇ ಕಾರಣಕ್ಕೆ 1988ರಲ್ಲಿ ಲೆಫ್ಟಿನೆಂಟ್ ಸೆಲೀನಾ ಜಾನ್ ಅವರನ್ನು ಈ ಸೇವೆಯಿಂದ ಮನೆಗೆ ಕಳಿಸಿದರು. ಗಂಡಸರಿಗೆ ಆ ನಿಯಮ ಇರಲಿಲ್ಲ. 1995ರಲ್ಲಿ ನಿಯಮ ಹೋಯಿತು, ಅವರ ನೌಕರಿ ಮಾತ್ರ ವಾಪಸು ಬರಲಿಲ್ಲ. ಸುಪ್ರೀಂ ಕೋರ್ಟು ಇದು ಹೆಣ್ಣಿಗೆ ಮಾಡಿದ ಅನ್ಯಾಯ ಅಂದು 60 ಲಕ್ಷ ಪರಿಹಾರ ಕೊಡಿಸಿದ್ದು 2024ರ ಫೆಬ್ರವರಿಯಲ್ಲಿ. ಮೂವತ್ತಾರು ವರ್ಷ! ಇನ್ನೊಂದು ಲೆಕ್ಕ ನೋಡಿ. ಏಳನೇ ವೇತನ ಆಯೋಗದಲ್ಲಿ ಮಿಲಿಟರಿ ಸೇವಾ ವೇತನ ಅಂತ ಬೇರೆ ಅಧಿಕಾರಿಗಳಿಗೆ 15,500 ರೂಪಾಯಿ, ನರ್ಸಿಂಗ್ ಅಧಿಕಾರಿಗಳಿಗೆ 10,800. ಆರೈಕೆಯ ಕೆಲಸವನ್ನು ಒಂದು ಮೆಟ್ಟಿಲು ಕೆಳಗೆ ಕೂರಿಸೋ ಬುದ್ಧಿ ಸಮವಸ್ತ್ರದ ಒಳಗೂ ಇದೆ.

ಸೈನ್ಯದ ಅಧಿಕಾರಿ ನೇಮಕದಲ್ಲಿ ಜಾತಿ ಮೀಸಲಾತಿಯೂ ಇಲ್ಲ. 'ನಮಗೆ ಜಾತಿಯೇ ಗೊತ್ತಿಲ್ಲ' ಅಂತಾರೆ. ಆದರೆ ಮೊದಲ ಸಲಕ್ಕೇ ಪಾಸಾಗಬೇಕು ಅನ್ನೋ ನಿಯಮ ಯಾರಿಗೆ ಏಟು ಕೊಡುತ್ತೆ? ಟ್ಯೂಷನ್ ಹಾಕೋ ಮನೆಯ ಮಗಳಿಗಲ್ಲ. ಕಳೆ ಕೀಳೋ ಕಾಲಕ್ಕೆ ಊರಿಗೆ ಕರೆಸಿಕೊಳ್ಳುವ ಮನೆಯ ಮಗಳಿಗೆ, ಲೆಕ್ಚರರ್ ಇಲ್ಲದ ಕಾಲೇಜಿನಲ್ಲಿ ಕೂತವಳಿಗೆ.

ಹಾಗಾಗಿ ನಿನ್ನ ಪ್ರಶ್ನೆ ತೀರ್ಮಾನ ಆಗೋದು ಮಿಲಿಟರಿ ಗೇಟಿನಲ್ಲಲ್ಲ. ಎಸ್ಸೆಸ್ಸೆಲ್ಸಿ ಆದ ಈ ಎರಡು ತಿಂಗಳಲ್ಲೇ ತೀರ್ಮಾನ ಆಗಿಬಿಡುತ್ತೆ. ಸೈನ್ಸು ಕಷ್ಟ, ಆರ್ಟ್ಸಿಗೆ ಸೇರಿಕೋ ಅಂತ ಯಾರೋ ಒಬ್ಬರು ಫಾರಂ ತುಂಬಿಕೊಟ್ಟರೆ ಬಾಗಿಲು ಅಲ್ಲೇ ಮುಚ್ಚಿತು. ಆರ್ಟ್ಸ್ ಕೀಳಲ್ಲ. ನೀನೇ ಆರಿಸಿಕೊಂಡರೆ ಸರಿ, ಯಾರೋ ತಳ್ಳಿದರೆ ತಪ್ಪು.

ಹಾಸ್ಟೆಲಿನ ಅಣ್ಣಂದಿರೇ, ಅಕ್ಕಂದಿರೇ, ಭಾಷಣ ಮಾಡಿದ್ದು ಸಾಕಷ್ಟಾಯಿತು. ಸೈನ್ಸ್ ಓದಿದವರು ವಾರಕ್ಕೆರಡು ಸಂಜೆ ಪಿಯುಸಿ ಮಕ್ಕಳ ಜೊತೆ ಕೂತುಕೊಳ್ಳಿ. ದಿನಾ ಅರ್ಧ ಗಂಟೆ ಇಂಗ್ಲಿಷ್ ಪೇಪರ್ ಗಟ್ಟಿಯಾಗಿ ಓದಿಸಿ. ಪ್ರತಿ ವರ್ಷದ ಪ್ರಕಟಣೆಯನ್ನು ನೋಟೀಸ್ ಬೋರ್ಡಿಗೆ ಅಂಟಿಸಿ, ನಿಯಮ ಬದಲಾಗುತ್ತಿರುತ್ತದೆ. ಹಾಸ್ಟೆಲಿಗೆ ಸೈನ್ಸ್ ಮೇಷ್ಟರನ್ನು ಕೊಡಿ ಅಂತ ಸಮಾಜ ಕಲ್ಯಾಣ ಇಲಾಖೆಯ ಮುಂದೆ ಕೂರೋಣ, ನಾನೂ ಬರುತ್ತೇನೆ.

ತಂಗೀ, ಆಗಬಹುದಾ ಅಂತ ಕೇಳಿದೆಯಲ್ಲ. ಆಗಬಹುದು. ಸೀಟು ಸಿಗದಿದ್ದರೆ ಅದೇ ಓದು ಸರ್ಕಾರಿ ಆಸ್ಪತ್ರೆಯ ನರ್ಸಿಂಗಿಗೂ ಸಲ್ಲುತ್ತದೆ, ಓದಿದ್ದು ಎಲ್ಲೂ ಹೋಗದು. ಸಿಕ್ಕಿದರೆ ಹೋಗು. ನಿನ್ನ ಅಜ್ಜಿ ಹಿತ್ತಿಲ ಬಾಗಿಲಿಂದ ಹೋಗಿ ಮಾಡಿದ ಕೆಲಸವನ್ನು ನೀನು ಮುಂಬಾಗಿಲಿಂದ ಹೋಗಿ ಮಾಡು. ರಜಕ್ಕೆ ಬಂದಾಗ ಮಾತ್ರ ಆ ಸಮವಸ್ತ್ರದಲ್ಲೇ ಒಮ್ಮೆ ನಮ್ಮ ಹಾಸ್ಟೆಲಿಗೆ ಬಾ. ನಿನ್ನ ಹಿಂದಿನವರು ಅದನ್ನು ನೋಡಬೇಕು.

ಜೈಭೀಮ್.