ಅಮೇರಿಕನ್ ಫುಟ್ಬಾಲ್: ಹತ್ತು ಗಜದ ಆಟ, ಆಟಗಾರ ತೆರುವ ಬೆಲೆ

2023ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಸೇರಿದ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನವು 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಐದು ಆಟಗಳನ್ನು ಸೇರಿಸಿಕೊಳ್ಳಲು ಒಪ್ಪಿತು. ಅವುಗಳಲ್ಲಿ ಕ್ರಿಕೆಟ್ ಒಂದಾದುದರಿಂದ ನಮ್ಮಲ್ಲಿ ಆ ಸುದ್ದಿಗೇ ಪ್ರಾಧಾನ್ಯ ದೊರೆಯಿತು. ಅದೇ ಪಟ್ಟಿಯಲ್ಲಿ 'ಫ್ಲ್ಯಾಗ್ ಫುಟ್ಬಾಲ್' ಎಂಬ ಇನ್ನೊಂದು ಹೆಸರೂ ಇತ್ತು. ಅದು ಅಮೇರಿಕನ್ ಫುಟ್ಬಾಲಿನ ತಮ್ಮನೆನ್ನಬಹುದು. 1932ರಲ್ಲಿ ಇದೇ ಲಾಸ್ ಏಂಜಲೀಸಿನ ಒಲಿಂಪಿಕ್ಸಿನಲ್ಲಿ ಅಣ್ಣನನ್ನು ಪ್ರದರ್ಶನಕ್ಕಾಗಿ ಆಡಿಸಲಾಗಿತ್ತು. ಈ ಸಲ ಪದಕಕ್ಕಾಗಿ ಕಣಕ್ಕಿಳಿಯುವವನು ತಮ್ಮ. ಇದರ ಮಹತ್ವ ತಿಳಿಯಬೇಕಾದರೆ ಮೊದಲು ಅಣ್ಣನ ಪರಿಚಯ ಮಾಡಿಕೊಳ್ಳಬೇಕು.

ಫುಟ್ಬಾಲ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಆಟಕ್ಕೂ ಇದಕ್ಕೂ ಹೆಸರಿನ ನಂಟನ್ನು ಬಿಟ್ಟರೆ ಹೆಚ್ಚಿನ ಸಾಮ್ಯವಿಲ್ಲ. ಇಲ್ಲಿ ಚೆಂಡು ಉರುಟಾಗಿಲ್ಲ, ಎರಡು ತುದಿಗಳಲ್ಲಿ ಚೂಪಾಗಿದೆ. ಅದನ್ನು ಬಹುಪಾಲು ಕೈಯಲ್ಲಿಯೇ ಹಿಡಿದು ಓಡುತ್ತಾರೆ ಅಥವಾ ಎಸೆಯುತ್ತಾರೆ. ಕಾಲಿಗೆ ಕೆಲಸ ಬರುವುದು ಅಪರೂಪಕ್ಕೆ. ಮೈದಾನದ ಉದ್ದ 100 ಗಜ. ಎರಡು ಕೊನೆಗಳಲ್ಲಿಯೂ ಹತ್ತು ಹತ್ತು ಗಜದ ಅಂತಿಮ ವಲಯಗಳಿವೆ. ಒಂದೊಂದು ಪಕ್ಷದಲ್ಲಿ 11 ಮಂದಿ.

ಹೊಸ ನೋಡುಗ ನೆನಪಿಡಬೇಕಾದ ಮೂಲಸೂತ್ರ ಒಂದೇ: ನಾಲ್ಕು ಯತ್ನ, ಹತ್ತು ಗಜ. ಚೆಂಡು ಯಾರ ಕೈಯಲ್ಲಿದೆಯೋ ಆ ಪಕ್ಷಕ್ಕೆ ನಾಲ್ಕು ಅವಕಾಶಗಳು. ಒಂದೊಂದಕ್ಕೂ 'ಡೌನ್' ಎಂದು ಹೆಸರು. ಈ ನಾಲ್ಕರೊಳಗೆ ಚೆಂಡನ್ನು ಹತ್ತು ಗಜ ಮುಂದೊಯ್ದರೆ ಮತ್ತೆ ಹೊಸದಾಗಿ ನಾಲ್ಕು ಅವಕಾಶ ದೊರೆಯುತ್ತದೆ. ಆಗದಿದ್ದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಚೆಂಡು ಹಿಡಿದವನನ್ನು ನೆಲಕ್ಕೆ ಕೆಡವಿದೊಡನೆ ಒಂದು ಯತ್ನ ಮುಗಿಯಿತು. ಬಿದ್ದ ಜಾಗದಿಂದಲೇ ಮುಂದಿನದು ಆರಂಭ. ಮೂರು ಯತ್ನಗಳಲ್ಲಿ ಹತ್ತು ಗಜ ದಾಟಲಾಗದ ಪಕ್ಷವು ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಸಾಹಸಕ್ಕೆ ಹೋಗದೆ, ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಯನ್ನು ಹಿಂದಕ್ಕೆ ತಳ್ಳುತ್ತದೆ. ಧೈರ್ಯ ಮಾಡುವುದೋ ಒದೆಯುವುದೋ ಎಂಬ ಈ ತೀರ್ಮಾನದಲ್ಲಿಯೇ ಆಟದ ಸ್ವಾರಸ್ಯ ಬಹಳಷ್ಟಿದೆ.

ಚೆಂಡನ್ನು ಎದುರಾಳಿಯ ಅಂತಿಮ ವಲಯಕ್ಕೆ ಮುಟ್ಟಿಸಿದರೆ 'ಟಚ್‌ಡೌನ್', ಆರು ಅಂಕ. ಅನಂತರ ಕಂಬಗಳ ನಡುವೆ ಒದ್ದು ಇನ್ನೊಂದು ಅಂಕವನ್ನಾಗಲಿ, ಮತ್ತೊಮ್ಮೆ ಒಳನುಗ್ಗಿ ಎರಡು ಅಂಕಗಳನ್ನಾಗಲಿ ಗಳಿಸಬಹುದು. ವಲಯ ಮುಟ್ಟಲಾಗದಿದ್ದರೆ ದೂರದಿಂದಲೇ ಕಂಬಗಳ ನಡುವೆ ಚೆಂಡನ್ನು ದಾಟಿಸಿ ಮೂರು ಅಂಕ ಪಡೆಯಬಹುದು. ಆಕ್ರಮಣಕ್ಕೂ ರಕ್ಷಣೆಗೂ ಬೇರೆ ಬೇರೆ ಆಟಗಾರರಿರುತ್ತಾರೆ. ಆಕ್ರಮಣದ ಸೂತ್ರಧಾರ 'ಕ್ವಾರ್ಟರ್‌ಬ್ಯಾಕ್'. ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಡಬೇಕು ಎಂಬುದನ್ನು ಕ್ಷಣಾರ್ಧದಲ್ಲಿ ನಿರ್ಧರಿಸುವವನು ಇವನೇ. ಆಟದ ಅವಧಿ 15 ನಿಮಿಷಗಳ ನಾಲ್ಕು ಭಾಗ. ಆದರೆ ಪಂದ್ಯ ಮುಗಿಯಲು ಮೂರು ಗಂಟೆ ಬೇಕು. ಚೆಂಡು ನಿಜವಾಗಿ ಆಟದಲ್ಲಿರುವ ಹೊತ್ತು ಸುಮಾರು 11 ನಿಮಿಷ ಮಾತ್ರ ಎಂದು 2010ರಲ್ಲಿ ವಾಲ್‌ಸ್ಟ್ರೀಟ್ ಜರ್ನಲ್ ಪತ್ರಿಕೆ ಲೆಕ್ಕ ಹಾಕಿ ತೋರಿಸಿತ್ತು. ಉಳಿದುದು ಆಲೋಚನೆ, ವ್ಯೂಹರಚನೆ ಮತ್ತು ಜಾಹೀರಾತು.

1920ರಲ್ಲಿ ಸ್ಥಾಪನೆಗೊಂಡ ನ್ಯಾಶನಲ್ ಫುಟ್ಬಾಲ್ ಲೀಗಿನಲ್ಲಿ ಇಂದು 32 ತಂಡಗಳಿವೆ. ಅದರ ಅಂತಿಮ ಪಂದ್ಯವಾದ 'ಸೂಪರ್ ಬೌಲ್' 1967ರಲ್ಲಿ ಮೊದಲ್ಗೊಂಡಿತು. ಆ ದಿನ ಅಮೇರಿಕದ ಮನೆಮನೆಯಲ್ಲಿ ಹಬ್ಬದ ವಾತಾವರಣ. ಬಂಡವಾಳದ ತವರಾದ ಆ ದೇಶದಲ್ಲಿ ಈ ಲೀಗಿನ ವ್ಯವಸ್ಥೆ ಮಾತ್ರ ಸ್ವಲ್ಪ ಬೇರೆಯೇ ಎಂಬುದು ಗಮನಾರ್ಹ. ದೂರದರ್ಶನ ಪ್ರಸಾರದ ರಾಷ್ಟ್ರೀಯ ಆದಾಯವನ್ನು ತಂಡಗಳು ಸಮನಾಗಿ ಹಂಚಿಕೊಳ್ಳುತ್ತವೆ. ಹೊಸ ಆಟಗಾರರನ್ನು ಆರಿಸುವಾಗ ಹಿಂದಿನ ವರ್ಷ ಕೊನೆಯ ಸ್ಥಾನದಲ್ಲಿದ್ದ ತಂಡಕ್ಕೆ ಮೊದಲ ಸರದಿ. ಹೀಗಾಗಿಯೇ ಒಂದು ಲಕ್ಷದಷ್ಟು ಜನಸಂಖ್ಯೆಯ ಗ್ರೀನ್ ಬೇ ಎಂಬ ಊರಿನ ತಂಡ ಮಹಾನಗರಗಳ ತಂಡಗಳಿಗೆ ಸರಿಸಮನಾಗಿ ನಿಂತಿದೆ.

ಇಷ್ಟೆಲ್ಲ ಇದ್ದರೂ ಈ ಆಟಕ್ಕೆ ಅಂಟಿದ ಕಳಂಕವೊಂದಿದೆ. 1905ರಲ್ಲಿ ಮೈದಾನದಲ್ಲಿ ಪೆಟ್ಟು ತಿಂದು ಹಲವು ತರುಣರು ಸತ್ತಾಗ ಆಟವನ್ನೇ ನಿಷೇಧಿಸಬೇಕೆಂಬ ಕೂಗೆದ್ದಿತು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿದ್ಯಾಲಯಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಬುದ್ಧಿ ಹೇಳಿದರು. ಮರುವರ್ಷ ನಿಯಮಗಳು ಬದಲಾದುವು. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ದೊರೆತುದು ಆಗಲೇ. ಇಂದು ನೋಡುಗರು ಮೆಚ್ಚುವ ಆ ನೀಳವಾದ ಎಸೆತ ಹುಟ್ಟಿದ್ದು ಜೀವ ಉಳಿಸುವ ಸುಧಾರಣೆಯ ಭಾಗವಾಗಿ.

ಕಣ್ಣಿಗೆ ಕಾಣುವ ಗಾಯಗಳಿಗೆ ಮದ್ದಾಯಿತು. ಕಾಣದ ಗಾಯ ಉಳಿಯಿತು. 2002ರಲ್ಲಿ ಪಿಟ್ಸ್‌ಬರ್ಗ್ ತಂಡದ ಮಾಜಿ ಆಟಗಾರ ಮೈಕ್ ವೆಬ್‌ಸ್ಟರ್ 50ರ ಹರೆಯದಲ್ಲಿ ತೀರಿಕೊಂಡಾಗ, ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು ಅವರ ಮೆದುಳನ್ನು ಪರೀಕ್ಷಿಸಿದರು. ಮತ್ತೆ ಮತ್ತೆ ಬಿದ್ದ ಪೆಟ್ಟುಗಳಿಂದ ಮೆದುಳು ಕ್ರಮೇಣ ಕ್ಷಯಿಸುವ ರೋಗ ಅಲ್ಲಿ ಕಂಡುಬಂದಿತು. 2005ರಲ್ಲಿ ಅವರ ಪ್ರಬಂಧ ಪ್ರಕಟವಾದಾಗ ಲೀಗಿನ ವೈದ್ಯರು ಅದನ್ನು ಹಿಂದೆಗೆದುಕೊಳ್ಳಬೇಕೆಂದು ಒತ್ತಾಯಿಸಿದರು. ಆಟಕ್ಕೂ ಈ ರೋಗಕ್ಕೂ ಸಂಬಂಧವಿದೆಯೆಂದು ಲೀಗಿನ ಅಧಿಕಾರಿಯೊಬ್ಬರು ಬಹಿರಂಗವಾಗಿ ಒಪ್ಪಿದುದು 2016ರಲ್ಲಿ. ಸಾವಿರಾರು ಮಾಜಿ ಆಟಗಾರರು ಹೂಡಿದ ದಾವೆಯಲ್ಲಿ ಪರಿಹಾರ ಕೊಡಲು ಒಪ್ಪಂದವೇನೋ ಆಯಿತು. ಆದರೆ ಕರಿಯ ಆಟಗಾರರ ಬುದ್ಧಿಶಕ್ತಿ ಮೊದಲೇ ಕಡಿಮೆಯಿತ್ತೆಂದು ಊಹಿಸಿ ಲೆಕ್ಕ ಹಾಕುವ ನಾಚಿಕೆಗೇಡಿನ ಪದ್ಧತಿಯನ್ನು ಕೈಬಿಡುವುದಾಗಿ ಒಪ್ಪಲು 2021 ಬರಬೇಕಾಯಿತು.

ಬೋಸ್ಟನ್ ವಿಶ್ವವಿದ್ಯಾಲಯದ ತಜ್ಞರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಲೀಗಿನ 111 ಮಾಜಿ ಆಟಗಾರರ ಮೆದುಳುಗಳ ಪೈಕಿ 110ರಲ್ಲಿ ಈ ರೋಗವಿತ್ತು. ಸಂಶಯವಿದ್ದ ಕುಟುಂಬಗಳೇ ಹೆಚ್ಚಾಗಿ ಮೆದುಳನ್ನು ದಾನ ಮಾಡುವುದರಿಂದ ಎಲ್ಲ ಆಟಗಾರರಿಗೂ ಈ ಪ್ರಮಾಣ ಅನ್ವಯಿಸದು. ಆದರೆ ಆಡಿದ ವರ್ಷಗಳು ಹೆಚ್ಚಿದಂತೆ ರೋಗದ ಸಂಭವವೂ ಹೆಚ್ಚುತ್ತದೆಂದು ಅವರ ಮುಂದಿನ ಅಧ್ಯಯನ ತೋರಿಸಿತು. ಶಿರಸ್ತ್ರಾಣ ಬುರುಡೆಯನ್ನು ರಕ್ಷಿಸಬಲ್ಲುದು. ಬುರುಡೆಯೊಳಗೆ ಮೆದುಳು ಅಲುಗುವುದನ್ನು ತಡೆಯಲಾರದು.

ಶಿಕ್ಷಕನಾದವನಿಗೆ ಇಲ್ಲಿ ಏಳುವ ಪ್ರಶ್ನೆ ಮಕ್ಕಳದು. ಕೋಟಿಗಟ್ಟಲೆ ಡಾಲರು ಪಡೆಯುವ ವಯಸ್ಕ ಆಟಗಾರ ಅಪಾಯವನ್ನು ತಿಳಿದೇ ಆಡುತ್ತಾನೆ. ಏಳೆಂಟು ವರ್ಷದ ಹುಡುಗನಿಗೆ ಆ ತಿಳಿವಳಿಕೆ ಎಲ್ಲಿಂದ ಬರಬೇಕು? ಏಳರ ಬದಲು ಹದಿನಾಲ್ಕರಲ್ಲಿ ಮೈಗೆ ಮೈ ಡಿಕ್ಕಿ ಹೊಡೆಯುವ ಆಟಕ್ಕೆ ಇಳಿದರೆ ಏಳು ವರ್ಷಗಳ ಪೆಟ್ಟು ತಪ್ಪಿದಂತಾಯಿತು.

ಫ್ಲ್ಯಾಗ್ ಫುಟ್ಬಾಲಿನ ಮಹತ್ವ ಇರುವುದು ಇಲ್ಲಿಯೇ. ಪಕ್ಷಕ್ಕೆ ಐವರು. ಆಟಗಾರರ ಸೊಂಟದ ಎರಡು ಬದಿಗಳಲ್ಲಿ ಬಟ್ಟೆಯ ಪಟ್ಟಿಗಳು. ಚೆಂಡು ಹಿಡಿದವನ ಪಟ್ಟಿಯನ್ನು ಕಿತ್ತರೆ ಅವನನ್ನು ಕೆಡವಿದಂತೆಯೇ ಲೆಕ್ಕ. ಓಟ, ಎಸೆತ, ಉಪಾಯ ಎಲ್ಲವೂ ಉಳಿದುವು, ಡಿಕ್ಕಿ ಹೋಯಿತು. ಹೆಣ್ಣು ಮಕ್ಕಳಿಗೂ ಬಾಗಿಲು ತೆರೆಯಿತು. ಒಲಿಂಪಿಕ್ಸಿನಲ್ಲಿ ಸ್ತ್ರೀ ಪುರುಷರಿಬ್ಬರಿಗೂ ಸ್ಪರ್ಧೆಯಿದೆ. ತನ್ನ ಆಟಗಾರರು ಅದರಲ್ಲಿ ಭಾಗವಹಿಸಲು ಲೀಗಿನ ಮಾಲಕರು 2025ರ ಮೇ ತಿಂಗಳಲ್ಲಿ ಅನುಮತಿ ಕೊಟ್ಟಿದ್ದಾರೆ. ಇದರಲ್ಲಿ ವ್ಯಾಪಾರದ ದೃಷ್ಟಿಯೂ ಇಲ್ಲದಿಲ್ಲ. ಅದೇ ವರ್ಷ ಸಾವೊ ಪಾಲೊ, ಡಬ್ಲಿನ್, ಲಂಡನ್, ಬರ್ಲಿನ್, ಮ್ಯಾಡ್ರಿಡ್‌ಗಳಲ್ಲಿ ಲೀಗಿನ ಪಂದ್ಯಗಳು ನಡೆದುವು. ಹೊಸ ನೋಡುಗರಿಗಾಗಿ ಆಟ ಕಡಲು ದಾಟುತ್ತಿದೆ.

ಆದರೂ ವ್ಯಾಪಾರ ತೆರೆದ ದಾರಿಯಲ್ಲಿ ಹಿತವೂ ಬರುವುದಾದರೆ ಬೇಡವೆನ್ನಬೇಕಾಗಿಲ್ಲ. ನಿಯಮ ಬದಲಿಸಿದರೆ ಆಟ ಸಾಯುವುದಿಲ್ಲ, ಬೆಳೆಯುತ್ತದೆ ಎಂಬುದಕ್ಕೆ 1906ರ ಎಸೆತವೇ ಸಾಕ್ಷಿ. 2028ರಲ್ಲಿ ಈ ಆಟವನ್ನು ಮೊದಲ ಬಾರಿಗೆ ನೋಡುವವರು ಅಂಕಗಳ ಜತೆಗೆ ಇದನ್ನೂ ಗಮನಿಸಲಿ. ಸೊಂಟದ ಆ ಪುಟ್ಟ ಪಟ್ಟಿಯು ಅಮೇರಿಕದ ಶಾಲಾ ಮೈದಾನಗಳಲ್ಲಿ ಡಿಕ್ಕಿಯ ಜಾಗವನ್ನು ಹಿಡಿದರೆ, ಪದಕ ಯಾರಿಗೇ ಹೋಗಲಿ, ಗೆದ್ದವರು ಮಕ್ಕಳು.